ಕಿಡ್ನಿ ಕೊಳವೆ ರಕ್ತನಾಳದ ಹಿಂದೆ ಸಿಕ್ಕಿದೆ: ಕಾಯೋದಾ, ಸ್ಟೆಂಟಾ, ಆಪರೇಷನ್ನಾ?

ಜಮಖಂಡಿ ಹತ್ತಿರದ ನಮ್ಮೂರಲ್ಲಿ ಯಾರ ಸ್ಕ್ಯಾನಿಂಗ್ ವರದಿಯಲ್ಲಿ ‘ಕಿಡ್ನಿ ಊದಿದೆ’ ಅಂತ ಬಂದರೂ ಅದು ಒಂದು ಸಲ ನಮ್ಮ ಮನೆ ಕಟ್ಟೆಗೆ ಬಂದೇ ಬರುತ್ತದೆ. ನಾನು ಡಾಕ್ಟರ್ ಅಲ್ಲ, ಹೈಸ್ಕೂಲ್ ಮಾಸ್ತರ. ಆದರೆ ನನ್ನ ತಮ್ಮನಿಗೆ ರೆಟ್ರೋಕೇವಲ್ ಯುರೇಟರ್, ಅಂದರೆ ಕಿಡ್ನಿಯ ಕೊಳವೆ ದೊಡ್ಡ ಸಿರೆಯ ಹಿಂದೆ ಸಿಕ್ಕಿಕೊಳ್ಳುವ ತೊಂದರೆ ಇತ್ತು. ಅದು ಏನು ಅಂತ ಗೊತ್ತಾಗೋಕೇ ಒಂದೂವರೆ ವರ್ಷ ಹಿಡಿಯಿತು, ಸರಿಹೋಗೋಕೆ ಮತ್ತೊಂದು ವರ್ಷ. ಅಷ್ಟು ದಿನ ಬಗಲಲ್ಲಿ ಫೈಲು ಹಿಡಿದುಕೊಂಡು ಓಡಾಡಿದವನು ನಾನೇ. ಬಂದವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಒಬ್ಬ ಡಾಕ್ಟರು ಸುಮ್ನಿರಿ ಅನ್ನುತ್ತಾರೆ, ಒಬ್ಬರು ಸ್ಟೆಂಟ್ (ಕೊಳವೆಯೊಳಗೆ ಇಡುವ ಸಣ್ಣ ನಳಿಗೆ) ಹಾಕೋಣ ಅನ್ನುತ್ತಾರೆ, ಇನ್ನೊಬ್ಬರು ನಾಳೆಯೇ ಆಪರೇಷನ್ ಅನ್ನುತ್ತಾರೆ, ಯಾರ ಮಾತು ಕೇಳಬೇಕು? ಮೂವರೂ ಸರಿ ಇರಬಹುದು. ಅದು ನಿಮ್ಮ ಕಿಡ್ನಿ ಯಾವ ಸ್ಥಿತಿಯಲ್ಲಿದೆ ಅನ್ನುವುದರ ಮೇಲೆ ನಿಂತಿದೆ.

ಮೊದಲು ಒಳಗೆ ಏನಾಗಿದೆ ಅಂತ ಹೇಳಿಬಿಡುತ್ತೇನೆ. ಒಂದೊಂದು ಕಿಡ್ನಿಯಿಂದ ಒಂದೊಂದು ಸಣ್ಣ ಕೊಳವೆ ಮೂತ್ರಕೋಶಕ್ಕೆ ಇಳಿಯುತ್ತದೆ. ಅದೇ ಯುರೇಟರ್. ಬಲಗಡೆಯ ಕೊಳವೆಯ ಪಕ್ಕದಲ್ಲಿ ಇನ್ಫೀರಿಯರ್ ವೀನಾ ಕೇವಾ ಅನ್ನುವ ದೊಡ್ಡ ಸಿರೆ ಇದೆ, ಕಾಲು ಮತ್ತು ಹೊಟ್ಟೆಯ ರಕ್ತವನ್ನೆಲ್ಲ ವಾಪಸ್ ಹೃದಯಕ್ಕೆ ಒಯ್ಯುವುದು ಅದೇ. ಮಗು ಇನ್ನೂ ತಾಯಿ ಹೊಟ್ಟೆಯಲ್ಲಿರುವಾಗ ಈ ಸಿರೆ ಒಂದೇ ಏಟಿಗೆ ತಯಾರಾಗುವುದಿಲ್ಲ. ಮೂರು ಜೊತೆ ಎಳೆ ಸಿರೆಗಳು ಹುಟ್ಟುತ್ತವೆ, ಕೆಲವು ಕರಗುತ್ತವೆ, ಕೆಲವು ಉಳಿದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಸೊಂಟದ ಮಟ್ಟದಲ್ಲಿ ಹಿಂದಿನ ಸಾಲಿನ ಸಿರೆ ಉಳಿಯಬೇಕು, ಕೊಳವೆಯ ಮುಂದೆ ಹಾದುಹೋಗುವುದು ಕರಗಬೇಕು. ಕೆಲವರಲ್ಲಿ ಇದು ಉಲ್ಟಾ ಆಗುತ್ತದೆ. ಆಗ ಕೊಳವೆ ಸಿರೆಯ ಹಿಂದೆ ಹೋಗಿ, ಅದಕ್ಕೂ ಪಕ್ಕದ ಮಹಾಧಮನಿಗೂ ನಡುವೆ ಹೊರಬಂದು, ಸಿರೆಯ ಮುಂದೆ ದಾಟಿ ಮತ್ತೆ ತನ್ನ ದಾರಿಗೆ ಬರುತ್ತದೆ. ಹೊಲಕ್ಕೆ ನೀರು ಹಾಯಿಸುವ ಪ್ಲಾಸ್ಟಿಕ್ ಪೈಪು ಬೇಲಿ ಕಂಬಕ್ಕೆ ಒಂದು ಸುತ್ತು ಹಾಕಿಕೊಂಡಿದೆ ಅಂದುಕೊಳ್ಳಿ. ಪೈಪಿನದೇನೂ ತಪ್ಪಿಲ್ಲ, ಕಂಬ ಇರಬಾರದ ಜಾಗದಲ್ಲಿದೆ.

1893ರಲ್ಲೇ ಹೋಕ್‌ಸ್ಟೆಟರ್ ಅನ್ನುವವರು ಇದನ್ನು ಮೊದಲು ಬರೆದಿಟ್ಟಿದ್ದಾರೆ. ಸಾವಿರ ಜನರಲ್ಲಿ ಒಬ್ಬರ ಆಸುಪಾಸಿನಲ್ಲಿ ಇದು ಇರುತ್ತದೆ. ಗಂಡಸರಲ್ಲಿ ಜಾಸ್ತಿ. ಹುಟ್ಟಿನಿಂದ ಇದ್ದರೂ ಗೊತ್ತಾಗುವುದು ಮೂವತ್ತು, ನಲವತ್ತರ ವಯಸ್ಸಿಗೆ, ಯಾಕಂದರೆ ಕಿಡ್ನಿ ತುಂಬಾ ನಿಧಾನಕ್ಕೆ ಊದುತ್ತದೆ. ಹೆಚ್ಚುಕಡಿಮೆ ಯಾವಾಗಲೂ ಬಲಗಡೆಯೇ. ನಿಮ್ಮ ವರದಿಯಲ್ಲಿ ಎಡಗಡೆ ಅಂತ ಬಂದಿದ್ದರೆ ಸುಮ್ಮನೆ ಒಪ್ಪಿಕೊಳ್ಳಬೇಡಿ, ಮತ್ತೊಮ್ಮೆ ಕೇಳಿ. ದೇಹದ ಅಂಗಗಳು ಎಡಬಲ ಬದಲಾದವರಲ್ಲೋ, ದೊಡ್ಡ ಸಿರೆ ಎರಡಿದ್ದವರಲ್ಲೋ ಮಾತ್ರ ಹಾಗಾಗುತ್ತದೆ.

ನನ್ನ ತಮ್ಮನ ವಿಷಯ. ಮೂವತ್ತಾರು ವರ್ಷ, ಕಬ್ಬಿನ ಹೊಲ, ಒಂದು ಟ್ರ್ಯಾಕ್ಟರ್. ಬಲ ಪಕ್ಕೆಯಲ್ಲಿ ಮಂದ ನೋವು, ಬರುತ್ತಿತ್ತು, ಹೋಗುತ್ತಿತ್ತು. ‘ಬೆನ್ನಾಗ ಚಳುಕು ಹಿಡದೈತಿ’ ಅಂತ ಎಣ್ಣೆ ತಿಕ್ಕಿಸಿಕೊಂಡ. ಆಮೇಲೆ ಕಿಡ್ನಿಯಲ್ಲಿ ಹಳ್ಳು ಇರಬೇಕು ಅಂತ ಊರೆಲ್ಲ ಹೇಳಿತು. ಹುರಳಿ ಕಟ್ಟು, ಬಾಳೆದಿಂಡಿನ ರಸ, ಜವೆಗೋಧಿ ನೀರು ಎಲ್ಲಾ ಆಯಿತು. ವಿಚಿತ್ರ ಅಂದರೆ ನೀರು ಜಾಸ್ತಿ ಕುಡಿದ ದಿನವೇ ಅವನಿಗೆ ನೋವು ಜಾಸ್ತಿ. ಈಗ ಅರ್ಥವಾಗುತ್ತದೆ, ಕೆಳಗೆ ದಾರಿ ಕಿರಿದಾಗಿರುವಾಗ ಮೇಲಿನಿಂದ ನೀರು ಬಿಟ್ಟರೆ ಕಿಡ್ನಿ ಹಿಗ್ಗುತ್ತದೆ, ಅಲ್ವಾ? ಆಗ ನಮಗೆ ಯಾರಿಗೂ ಅದು ಹೊಳೆಯಲಿಲ್ಲ. ಒಂದು ಆಸ್ಪತ್ರೆಯಲ್ಲಿ ಒಂದೂವರೆ ವರ್ಷ ನೋವಿನ ಗುಳಿಗೆ ಕೊಟ್ಟರು. ಕಿಡ್ನಿ ಮೊದಲೇ ಕಷ್ಟದಲ್ಲಿರುವಾಗ ದಿನಾ ನೋವಿನ ಗುಳಿಗೆ ನುಂಗುವುದು ಅದಕ್ಕೇ ಪೆಟ್ಟು ಅಂತ ನಮಗೆ ಯಾರೂ ಹೇಳಲಿಲ್ಲ.

ಯಾವುದನ್ನು ಇಟ್ಟುಕೊಂಡು ತೂಗಬೇಕು

ಬಂದವರೆಲ್ಲ ಮೊದಲು ಕೇಳುವುದು ‘ಎಷ್ಟು ಖರ್ಚಾಯ್ತು?’ ಅಂತ. ಅದು ಕೊನೆಯ ಪ್ರಶ್ನೆಯಾಗಬೇಕು. ಮೊದಲನೆಯದು: ಮೂತ್ರ ನಿಜವಾಗಲೂ ಕಟ್ಟಿಕೊಳ್ಳುತ್ತಿದೆಯಾ? ಕೊಳವೆ ಸಿರೆಯ ಹಿಂದೆ ಇದ್ದ ಮಾತ್ರಕ್ಕೆ ಕಟ್ಟಲೇಬೇಕು ಅಂತಿಲ್ಲ. ಎಷ್ಟೋ ಜನ ಇದನ್ನು ಇಟ್ಟುಕೊಂಡೇ ಮುಪ್ಪಾಗುತ್ತಾರೆ, ಅವರಿಗೆ ಗೊತ್ತೂ ಆಗುವುದಿಲ್ಲ. ಎರಡನೆಯದು: ಆ ಕಿಡ್ನಿಯಲ್ಲಿ ಎಷ್ಟು ಶಕ್ತಿ ಉಳಿದಿದೆ? ಮೂರನೆಯದು ನಿಮಗೆ ಆಗುತ್ತಿರುವ ತ್ರಾಸು: ನೋವು, ಪದೇಪದೇ ಬರುವ ಮೂತ್ರದ ಸೋಂಕು, ಮೂತ್ರದಲ್ಲಿ ರಕ್ತ, ಮೇಲುಭಾಗದಲ್ಲಿ ಕೂತ ಹರಳು. ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಡಾಕ್ಟರ ಕೈ, ನಿಮ್ಮ ಹಣ, ನಿಮ್ಮ ಕೆಲಸದ ದಿನ ಇವುಗಳ ಲೆಕ್ಕ.

ಮೊದಲ ಎರಡು ಪ್ರಶ್ನೆಗೆ ಬರೀ ಹೊಟ್ಟೆ ಸ್ಕ್ಯಾನಿಂಗ್‌ನಿಂದ ಉತ್ತರ ಬರುವುದಿಲ್ಲ. ಅದು ಕಿಡ್ನಿ ಊದಿದೆ ಅಂತ ಹೇಳುತ್ತದೆ, ಅಷ್ಟೇ. ಸಿಟಿ ಯುರೋಗ್ರಾಂ ಅಂದರೆ ಔಷಧ ಬಿಟ್ಟು ತೆಗೆಯುವ ಸಿಟಿ ಸ್ಕ್ಯಾನ್, ಅದರಲ್ಲಿ ಕೊಳವೆ ಎಲ್ಲಿ ತಿರುಗಿದೆ ಅಂತ ಸ್ಪಷ್ಟ ಕಾಣುತ್ತದೆ. ನಮ್ಮ ಡಾಕ್ಟರು ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು. ಕಿಡ್ನಿಯಿಂದ ಬಿಳಿ ಗೆರೆ ದಪ್ಪಗೆ ಕೆಳಗಿಳಿಯುತ್ತದೆ, ಬೆನ್ನುಮೂಳೆಯ ಹತ್ತಿರ ಹೋಗಿ ಮೀನಿನ ಗಾಳದ ಹಾಗೆ ಮೇಲಕ್ಕೆ ಬಾಗುತ್ತದೆ, ಅಲ್ಲಿಂದ ಮುಂದೆ ಗೆರೆ ದಾರದ ಎಳೆಯಷ್ಟು ತೆಳ್ಳಗೆ. ತಮ್ಮ ಬಗ್ಗಿ ನೋಡಿ, ‘ಇದು ನಮ್ಮ ಕಾಲುವೆ ತೂಬು ಮುಚ್ಚಿದಂಗ ಐತ್ರಿ’ ಅಂದ. ಡಾಕ್ಟರು ನಕ್ಕರು.

ಈ ಗಾಳದ ಆಕಾರ ಇರುವುದನ್ನು ಒಂದನೇ ಟೈಪ್ ಅಥವಾ ಲೋ ಲೂಪ್ ಅನ್ನುತ್ತಾರೆ. ಹತ್ತರಲ್ಲಿ ಒಂಬತ್ತು ಜನರಿಗೆ ಇದೇ. ಕಿಡ್ನಿ ಚೆನ್ನಾಗಿ ಊದುವುದು ಇದರಲ್ಲೇ. ಎರಡನೇ ಟೈಪಿನಲ್ಲಿ ಕೊಳವೆ ತುಂಬಾ ಮೇಲೆ, ಕಿಡ್ನಿಯ ಬುಡದಲ್ಲೇ, ಕುಡುಗೋಲಿನ ಹಾಗೆ ಮೆಲ್ಲಗೆ ಬಾಗಿ ಸಿರೆಯ ಹಿಂದೆ ಹೋಗುತ್ತದೆ. ಇದರಲ್ಲಿ ಊತ ಕಡಿಮೆ ಅಥವಾ ಇಲ್ಲವೇ ಇಲ್ಲ. ವರದಿಯಲ್ಲಿ ಯಾವ ಟೈಪ್ ಅಂತ ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ ರೆನೋಗ್ರಾಂ. ನಮ್ಮವರು ಇದನ್ನೇ ಬಿಟ್ಟುಬಿಡುತ್ತಾರೆ, ಯಾಕಂದರೆ ತಾಲೂಕಿನಲ್ಲಿ ಸಿಗುವುದಿಲ್ಲ. ನಾವು ಬೆಳಗಾವಿಗೆ ಹೋಗಿ ಮಾಡಿಸಿದೆವು. ಕೈ ನರಕ್ಕೆ ಸ್ವಲ್ಪ ವಿಕಿರಣ ಔಷಧ ಕೊಟ್ಟು, ಕ್ಯಾಮೆರಾ ಕೆಳಗೆ ಮಲಗಿಸಿ, ಮೂತ್ರ ಬರಿಸುವ ಇಂಜೆಕ್ಷನ್ ಕೊಟ್ಟು ಎರಡೂ ಕಿಡ್ನಿ ಎಷ್ಟೆಷ್ಟು ಕೆಲಸ ಮಾಡುತ್ತವೆ, ಎಷ್ಟು ಬೇಗ ಖಾಲಿಯಾಗುತ್ತವೆ ಅಂತ ನೋಡುತ್ತಾರೆ. ವರದಿಯಲ್ಲಿ ನೀವು ನೋಡಬೇಕಾದದ್ದು ಎರಡೇ ಅಂಕಿ. ಒಂದು, ಶೇಕಡಾವಾರು ಕೆಲಸ. ಎರಡೂ ಸರಿ ಇದ್ದರೆ ಹತ್ತಿರ ಹತ್ತಿರ 50-50 ಬರುತ್ತದೆ. ತೊಂದರೆಯ ಕಿಡ್ನಿ 40ಕ್ಕಿಂತ ಕೆಳಗೆ ಬಂದಿದ್ದರೆ ಅದು ಸೋಲುತ್ತಿದೆ ಅಂತ ಅರ್ಥ. ಇನ್ನೊಂದು, ಔಷಧ ಅರ್ಧ ಖಾಲಿಯಾಗಲು ಹಿಡಿದ ಸಮಯ. 10 ನಿಮಿಷದ ಒಳಗಿದ್ದರೆ ಕಟ್ಟಿಲ್ಲ, 20 ನಿಮಿಷ ದಾಟಿದ್ದರೆ ಕಟ್ಟಿದೆ, ನಡುವೆ ಇದ್ದರೆ ಅನುಮಾನ, ಕಾಯ್ದು ಮತ್ತೆ ನೋಡಬೇಕು. ತಮ್ಮನದು 34 ಪರ್ಸೆಂಟ್, 28 ನಿಮಿಷ.

‘ನಮ್ದು ಕ್ರಿಯಾಟಿನಿನ್ ನಾರ್ಮಲ್ ಐತ್ರಿ, ಕಿಡ್ನಿ ಛಲೋ ಐತಿ’ ಅಂತ ಧೈರ್ಯ ತಂದುಕೊಳ್ಳುವವರಿಗೆ ಒಂದು ಮಾತು. ಕ್ರಿಯಾಟಿನಿನ್ ಅಂದರೆ ಕಿಡ್ನಿಗಳ ಕೆಲಸ ಅಂದಾಜು ಮಾಡುವ ರಕ್ತ ಪರೀಕ್ಷೆ. ಎಡಗಡೆಯದು ಸರಿ ಇದ್ದರೆ ಬಲಗಡೆಯದು ಪೂರ್ತಿ ಹಾಳಾದರೂ ಕ್ರಿಯಾಟಿನಿನ್ ನಾರ್ಮಲ್ ಬರಬಹುದು. ಜೋಡೆತ್ತಿನಲ್ಲಿ ಒಂದೇ ಎಳೆದರೂ ಬಂಡಿ ಮುಂದೆ ಹೋಗುತ್ತಿರುತ್ತದೆ. ಯಾವ ಎತ್ತು ಎಳೆಯುತ್ತಿಲ್ಲ ಅಂತ ರಕ್ತ ಪರೀಕ್ಷೆ ಹೇಳುವುದಿಲ್ಲ, ರೆನೋಗ್ರಾಂ ಹೇಳುತ್ತದೆ.

ಸುಮ್ಮನೆ ಕಾಯುವುದು

ಯಾರಿಗೆ ಒಪ್ಪುತ್ತದೆ ಅಂದರೆ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸುವಾಗ ಇದು ಸಿಕ್ಕಿಬಿದ್ದಿದೆ, ನೋವಿಲ್ಲ, ಊತ ಇಲ್ಲ ಅಥವಾ ಅಲ್ಪಸ್ವಲ್ಪ, ರೆನೋಗ್ರಾಂನಲ್ಲಿ ಕಟ್ಟಿಲ್ಲ ಅಂತ ಬಂದಿದೆ. ಇಂಥವರಿಗೆ ಆಪರೇಷನ್ ಬೇಡ. ಖರ್ಚೂ ಕಡಿಮೆ: ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಸ್ಕ್ಯಾನಿಂಗ್, ಊತ ಜಾಸ್ತಿ ಕಂಡರೆ ರೆನೋಗ್ರಾಂ.

ಆದರೆ ಕಾಯುವುದು ಮತ್ತು ಮರೆಯುವುದು ಬೇರೆ ಬೇರೆ. ನಮ್ಮ ಕಡೆ ನೋವಿಲ್ಲ ಅಂದರೆ ರೋಗವಿಲ್ಲ ಅಂತ ಲೆಕ್ಕ. ನಿಧಾನಕ್ಕೆ ಊದುವ ಕಿಡ್ನಿ ನೋಯದೆಯೂ ಸಾಯುತ್ತದೆ. ಆರು ತಿಂಗಳಿಗೊಮ್ಮೆ ನೆನಪಿಟ್ಟು ಸ್ಕ್ಯಾನಿಂಗ್‌ಗೆ ಹೋಗುವ ಜಾಯಮಾನ ನಿಮ್ಮದಲ್ಲ ಅಂತ ನಿಮಗೇ ಗೊತ್ತಿದ್ದರೆ, ಊತ ಗಡಿಯಲ್ಲಿದ್ದರೆ, ಆ ಮಾತನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅವರ ಸಲಹೆ ಬದಲಾಗಬಹುದು.

ಸ್ಟೆಂಟ್

ಇದರ ಬಗ್ಗೆ ನನಗೆ ಸಿಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ. ಡಿಜೆ ಸ್ಟೆಂಟ್ ಅಂದರೆ ಎರಡೂ ತುದಿ ಸುರುಳಿಯಾದ ಮೆತ್ತನೆಯ ಸಣ್ಣ ನಳಿಗೆ. ಮೂತ್ರದ ದಾರಿಯಿಂದ ದುರ್ಬೀನು ಹಾಕಿ ಕಿಡ್ನಿವರೆಗೆ ಏರಿಸಿಡುತ್ತಾರೆ. ಕೊಯ್ಯುವುದಿಲ್ಲ, ಒಂದೆರಡು ದಿನದಲ್ಲಿ ಮನೆಗೆ, ಖರ್ಚೂ ಕಡಿಮೆ. ಹೀಗಾಗಿ ಎಲ್ಲರಿಗೂ ಇದೇ ಬೇಕು. ಆದರೆ ಸಿರೆ ಅಲ್ಲೇ ಇರುತ್ತದೆ, ಕೊಳವೆ ಅದರ ಹಿಂದೆಯೇ ಇರುತ್ತದೆ. ಸ್ಟೆಂಟ್ ತೆಗೆದ ಮರುದಿನ ನೀವು ಮೊದಲಿದ್ದಲ್ಲೇ ಇರುತ್ತೀರಿ.

ಹಾಗಂತ ಅದು ಬೇಡವೇ ಬೇಡ ಅಂತಲ್ಲ. ಕಟ್ಟಿದ ಮೂತ್ರದಲ್ಲಿ ಸೋಂಕಾಗಿ ಚಳಿಜ್ವರ ಬಂದಿದ್ದರೆ ಮೊದಲು ಅದನ್ನು ಹೊರಹಾಕಲೇಬೇಕು, ಆಗ ಸ್ಟೆಂಟ್ ಜೀವ ಉಳಿಸುತ್ತದೆ. ಸ್ಟೆಂಟ್ ಏರದಿದ್ದರೆ ಬೆನ್ನಿನಿಂದ ನೇರ ಕಿಡ್ನಿಗೆ ಒಂದು ನಳಿಗೆ ಹಾಕಿ ಹೊರಗೆ ಚೀಲ ಕಟ್ಟುತ್ತಾರೆ. ಬಸುರಿ ಹೆಣ್ಣುಮಕ್ಕಳಿಗೆ ಹೆರಿಗೆಯಾಗುವ ತನಕ ದಿನ ದೂಡಲು, ತುಂಬಾ ಸೋತ ಕಿಡ್ನಿ ಎಷ್ಟು ಚೇತರಿಸಿಕೊಳ್ಳುತ್ತದೆ ಅಂತ ನೋಡಿ ಮುಂದಿನದನ್ನು ತೀರ್ಮಾನಿಸಲು ಕೂಡ ಇದು ಬೇಕಾಗುತ್ತದೆ. ಆದರೆ ‘ಸ್ಟೆಂಟ್ ಹಾಕ್ತೀವಿ, ಆರಾಮ ಆಗ್ತದ’ ಅಂತ ಅಷ್ಟೇ ಹೇಳಿ, ಮುಂದೇನು ಅಂತ ಹೇಳದಿದ್ದರೆ ನೀವೇ ಕೇಳಬೇಕು.

ನಮಗೆ ಆದದ್ದು ಇಷ್ಟು. ಒಂದು ಕಡೆ ತಮ್ಮನಿಗೆ ಸ್ಟೆಂಟ್ ಹಾಕಿ ಕಳಿಸಿದರು, ಯಾವಾಗ ತೆಗೆಸಬೇಕು ಅಂತ ಚೀಟಿಯಲ್ಲಿ ಬರೆಯಲಿಲ್ಲ. ನಾವೂ ಕೇಳಲಿಲ್ಲ, ಅದು ನಮ್ಮ ದಡ್ಡತನ. ಪದೇಪದೇ ಮೂತ್ರಕ್ಕೆ ಓಡುವುದು, ಮಾಡುವಾಗ ಪಕ್ಕೆಗೆ ಚುಚ್ಚಿದ ಹಾಗೆ ನೋವು, ಟ್ರ್ಯಾಕ್ಟರ್ ಮೇಲೆ ಕೂತು ಬಂದ ದಿನ ಮೂತ್ರ ಕೆಂಪು. ಸ್ಟೆಂಟ್ ಇದ್ದರೆ ಇದೆಲ್ಲ ಆಗುತ್ತದೆ ಅಂದುಕೊಂಡು ಏಳು ತಿಂಗಳು ಹಾಗೇ ತಿರುಗಿದ. ಮೂರರಿಂದ ಆರು ತಿಂಗಳೊಳಗೆ ತೆಗೆಯಬೇಕು ಇಲ್ಲಾ ಬದಲಿಸಬೇಕು ಅಂತ ಗೊತ್ತಾಗುವಷ್ಟರಲ್ಲಿ ಅದರ ತುದಿಗೆ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದ ಹಾಗೆ ಬಿಳಿ ಗಾರು ಕಟ್ಟಿತ್ತು. ತೆಗೆಯೋಕೇ ಒಂದು ಬೇರೆ ಪ್ರೊಸೀಜರ್, ಬೇರೆ ಬಿಲ್. ಕಡಿಮೆ ಖರ್ಚಿನ ದಾರಿ ಅಂತ ಹಿಡಿದದ್ದೇ ನಮಗೆ ಜಾಸ್ತಿ ಬಿತ್ತು.

ಆಪರೇಷನ್: ಓಪನ್, ದುರ್ಬೀನು, ರೋಬೋಟ್

ಕಟ್ಟಿದೆ ಅಂತ ಖಚಿತವಾದರೆ ಅಥವಾ ನೋವು, ಸೋಂಕು, ಹರಳು ಬಿಡದಿದ್ದರೆ ಆಪರೇಷನ್ನೇ ದಾರಿ. ಮೂರೂ ವಿಧಾನದಲ್ಲಿ ಒಳಗೆ ಮಾಡುವುದು ಒಂದೇ ಕೆಲಸ: ಕೊಳವೆಯನ್ನು ಕತ್ತರಿಸಿ, ಸಿರೆಯ ಹಿಂದಿನಿಂದ ಎಳೆದು ಮುಂದೆ ತಂದು, ಎರಡೂ ತುದಿ ಕೂಡಿಸಿ ಹೊಲಿಗೆ ಹಾಕುವುದು, ಒಳಗೆ ಒಂದು ಸ್ಟೆಂಟ್ ಇಡುವುದು. ಸಿರೆಯ ಹಿಂದೆ ಸಿಕ್ಕಿದ್ದ ತುಂಡು ಚೆನ್ನಾಗಿದ್ದರೆ ಉಳಿಸುತ್ತಾರೆ, ಸೊರಗಿದ್ದರೆ ಕತ್ತರಿಸಿ ಬಿಸಾಡುತ್ತಾರೆ.

‘ತಪ್ಪು ಸಿರೆಯದು ಅಂದ ಮ್ಯಾಲೆ ಸಿರೆನೇ ಕತ್ತರಿಸಿ ಹೊಲೀಬಾರದ?’ ಅಂತ ನಮ್ಮ ಅವ್ವ ಕೇಳಿದಳು. ಛಲೋ ಪ್ರಶ್ನೆ. ಹಿಂದೆ ಹಾಗೂ ಮಾಡಿದ್ದುಂಟು. ಆದರೆ ಅದು ದೇಹದ ಅತಿ ದೊಡ್ಡ ಸಿರೆ, ಅರ್ಧ ಮೈಯ ರಕ್ತ ಅದರಲ್ಲಿ ಹರಿಯುತ್ತದೆ. ಕೊಳವೆಯಾದರೆ ಕತ್ತರಿಸಿ ಕೂಡಿಸಿದರೆ ಮಾಯುತ್ತದೆ. ಅದಕ್ಕೆ ಎಲ್ಲರೂ ಕೊಳವೆಯನ್ನೇ ಮುಟ್ಟುತ್ತಾರೆ.

ಓಪನ್ ಅಂದರೆ ಪಕ್ಕೆ ಕೊಯ್ದು ಮಾಡುವುದು, ಹಳೆಯದು, ನಂಬಿಕೆಯದು. ಎಲ್ಲ ಯುರಾಲಜಿ ಡಾಕ್ಟರಿಗೂ ಬರುತ್ತದೆ. ದುಬಾರಿ ಯಂತ್ರ ಬೇಡ, ಅದಕ್ಕೇ ಸರ್ಕಾರಿ ಆಸ್ಪತ್ರೆಯಲ್ಲೂ ಆಗುತ್ತದೆ. ಹಿಂದೆ ಸೋಂಕಾಗಿ ಒಳಗೆಲ್ಲ ಅಂಟಿಕೊಂಡಿದ್ದರೆ ಡಾಕ್ಟರು ಇದನ್ನೇ ಆರಿಸಬಹುದು. ತೊಂದರೆ ಅಂದರೆ ಉದ್ದ ಗಾಯ, ನೋವು ಜಾಸ್ತಿ, ಆಸ್ಪತ್ರೆಯಲ್ಲಿ ಸುಮಾರು ಒಂದು ವಾರ, ಭಾರ ಎತ್ತಲು ಆರು ವಾರಕ್ಕೂ ಮೇಲೆ ಕಾಯಬೇಕು. ಕೂತು ಕೆಲಸ ಮಾಡುವವರಿಗೆ ಇದು ನಡೆಯುತ್ತದೆ. ಹಮಾಲಿ ಮಾಡುವವರಿಗೆ, ಕಬ್ಬು ಕಡಿಯುವವರಿಗೆ ಆ ಆರು ವಾರ ಅಂದರೆ ಮನೆ ನಡೆಸುವ ದುಡ್ಡು.

ದುರ್ಬೀನು, ಅಂದರೆ ಲ್ಯಾಪರೋಸ್ಕೋಪಿ. ಮೂರು ನಾಲ್ಕು ಸಣ್ಣ ತೂತು. ಈ ತೊಂದರೆಗೆ ಮೊದಲ ಸಲ ಹೀಗೆ ಮಾಡಿದ್ದು 1994ರಲ್ಲಿ, ಈಗ ಇದು ಹೊಸದೇನೂ ಅಲ್ಲ. ನೋವು ಕಡಿಮೆ, ಮೂರು ನಾಲ್ಕು ದಿನದಲ್ಲಿ ಮನೆ. ಆದರೆ ಒಳಗೆ ಕೂತು ಆ ತೆಳ್ಳನೆಯ ಕೊಳವೆಗೆ ಹೊಲಿಗೆ ಹಾಕುವುದು ಸುಲಭವಲ್ಲ, ಸಮಯವೂ ಜಾಸ್ತಿ ಹಿಡಿಯುತ್ತದೆ. ಇಲ್ಲಿ ಯಂತ್ರಕ್ಕಿಂತ ಕೈ ಮುಖ್ಯ. ಇದು ಅಪರೂಪದ ಕೇಸು, ಹೀಗಾಗಿ ‘ರೆಟ್ರೋಕೇವಲ್ ಎಷ್ಟು ಮಾಡಿದ್ದೀರಿ?’ ಅಂತ ಕೇಳಿದರೆ ಒಳ್ಳೆಯ ಡಾಕ್ಟರೂ ಒಂದೆರಡು ಅನ್ನಬಹುದು. ಅದರಿಂದ ಹೆದರಬೇಡಿ. ‘ದುರ್ಬೀನಿನಲ್ಲಿ ಪೈಲೋಪ್ಲಾಸ್ಟಿ ಆಗಾಗ ಮಾಡ್ತೀರಾ?’ ಅಂತ ಕೇಳಿ. ಅದು ಕಿಡ್ನಿ ಬಾಯಿಯ ಹತ್ತಿರ ಕಿರಿದಾದ ಕೊಳವೆಯನ್ನು ಸರಿಮಾಡುವ ಆಪರೇಷನ್, ಹೊಲಿಗೆ ಹಾಕುವ ರೀತಿ ಹೆಚ್ಚುಕಡಿಮೆ ಇದೇ. ಅದನ್ನು ಆಗಾಗ ಮಾಡುವ ಕೈಗೆ ಇದೂ ಬರುತ್ತದೆ. ಬೇಕಾದರೆ ನಡುವೆ ಓಪನ್‌ಗೆ ಬದಲಿಸುತ್ತೇವೆ ಅಂತ ಒಪ್ಪಿಗೆ ಪತ್ರದಲ್ಲಿ ಇರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ, ಬದಲಿಸಬೇಕಾದಾಗ ಬದಲಿಸುವ ಡಾಕ್ಟರು ಒಳ್ಳೆಯವರು.

ರೋಬೋಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತೂತುಗಳು ಅವೇ, ಡಾಕ್ಟರು ಪಕ್ಕದಲ್ಲಿ ಕೂತು ಯಂತ್ರದ ಕೈ ಆಡಿಸುತ್ತಾರೆ, ಹೊಲಿಗೆ ಹಾಕೋದು ಅವರಿಗೆ ಸಲೀಸು. ಕೊನೆಗೆ ಕೊಳವೆ ಮಾಯುವುದು ಮೂರರಲ್ಲೂ ಒಂದೇ ರೀತಿ, ಬಿಲ್ಲು ಮಾತ್ರ ಇದರಲ್ಲಿ ಜಾಸ್ತಿ. ವಿಮೆ ಇದ್ದು, ದೊಡ್ಡ ಊರಲ್ಲಿ ನೋಡಿಕೊಳ್ಳಲು ನೆಂಟರಿದ್ದರೆ ಮಾಡಿಸಿ. ಹೊಲ ಅಡವಿಟ್ಟು ರೋಬೋಟ್‌ಗೆ ಹೋಗುವುದಾದರೆ ನನ್ನ ಮಾತು: ಬೇಡ.

ಇನ್ನೊಂದು ಕಹಿ ಮಾತು. ರೆನೋಗ್ರಾಂನಲ್ಲಿ ಆ ಕಿಡ್ನಿ 10 ಪರ್ಸೆಂಟಿಗಿಂತ ಕಡಿಮೆ ಅಂತ ಬಂದು, ಸ್ಟೆಂಟ್ ಹಾಕಿ ಕಾಯ್ದರೂ ಏಳದಿದ್ದರೆ, ಇನ್ನೊಂದು ಕಿಡ್ನಿ ಗಟ್ಟಿ ಇದ್ದರೆ, ಅದನ್ನು ತೆಗೆಯುವುದೇ ಮೇಲು ಅನ್ನುತ್ತಾರೆ. ಸೋಂಕಿನ ಗೂಡಾಗಿ ಉಳಿಯುವ ಕಿಡ್ನಿಗಿಂತ ಇಲ್ಲದಿರುವುದು ವಾಸಿ. ಒಂದೇ ಕಿಡ್ನಿಯಲ್ಲಿ ಬದುಕು ನಡೆಯುತ್ತದೆ. ಆದರೆ ಇಂಥ ತೀರ್ಮಾನಕ್ಕೆ ಎರಡನೇ ಡಾಕ್ಟರ ಅಭಿಪ್ರಾಯ ಕೇಳದೆ ಸಹಿ ಹಾಕಬೇಡಿ.

ಹರಳೂ ಇದ್ದರೆ ಅದನ್ನು ಅದೇ ಆಪರೇಷನ್‌ನಲ್ಲಿ ತೆಗೆಯಬಹುದಾ ಅಂತ ಮೊದಲೇ ಕೇಳಿ. ಬರೀ ಹರಳು ತೆಗೆಸಿಕೊಂಡು ಬಂದರೆ, ಮೂತ್ರ ನಿಲ್ಲುವ ಜಾಗ ಹಾಗೇ ಇರುವುದರಿಂದ, ಮತ್ತೆ ಕಟ್ಟುವ ಸಂಭವ ಇದ್ದೇ ಇರುತ್ತದೆ.

ಎಲ್ಲಿ ಮಾಡಿಸೋದು, ದುಡ್ಡಿನ ಲೆಕ್ಕ

ನಮ್ಮ ಮೂರು ಜಿಲ್ಲೆಯವರಿಗೆ ದಾರಿಗಳು ಇಲ್ಲದಿಲ್ಲ. ಬೆಳಗಾವಿಯಲ್ಲಿ ಬಿಮ್ಸ್ ಸರ್ಕಾರಿ ಆಸ್ಪತ್ರೆಯೂ ಕೆಎಲ್‌ಇ ಆಸ್ಪತ್ರೆಯೂ ಇವೆ, ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇ. ಹುಬ್ಬಳ್ಳಿಯಲ್ಲಿ ಎಲ್ಲರೂ ಈಗಲೂ ಕಿಮ್ಸ್ ಅಂತಲೇ ಕರೆಯುವ ಸರ್ಕಾರಿ ಆಸ್ಪತ್ರೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆವರಣದಲ್ಲಿ ಕಿಡ್ನಿಗೆಂದೇ ಇರುವ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಯಾವುದಕ್ಕೆ ಹೋದರೂ ಹೊರಡುವ ಮುಂಚೆ ಫೋನ್ ಮಾಡಿ, ಯುರಾಲಜಿ ಓಪಿಡಿ ಯಾವ ದಿನ, ದುರ್ಬೀನು ಆಪರೇಷನ್ ಆಗುತ್ತದಾ ಅಂತ ಕೇಳಿಕೊಳ್ಳಿ. ಇಲ್ಲದಿದ್ದರೆ ಒಂದು ದಿನ ಬಸ್ಸಿನಲ್ಲೇ ಹೋಗುತ್ತದೆ.

ವಿಜಯಪುರದವರು ಸೊಲ್ಲಾಪುರಕ್ಕೆ, ಬೆಳಗಾವಿ, ಅಥಣಿಯವರು ಮಿರಜ, ಕೊಲ್ಲಾಪುರಕ್ಕೆ ಹೋಗುವುದು ಮೊದಲಿನಿಂದಲೂ ಇದೆ. ತಪ್ಪೇನಿಲ್ಲ. ಆದರೆ ಗಡಿ ದಾಟಿದರೆ ನಿಮ್ಮ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದಾ ಅಂತ ಮೊದಲೇ ಕೇಳಿ. ಇನ್ನೊಂದು, ಈ ಆಪರೇಷನ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಸ್ಟೆಂಟ್ ತೆಗೆಸಲು, ಮೂರು ತಿಂಗಳ ರೆನೋಗ್ರಾಂಗೆ, ಆಮೇಲಿನ ಸ್ಕ್ಯಾನಿಂಗ್‌ಗೆ ಮತ್ತೆ ಮತ್ತೆ ಹೋಗಬೇಕು. ಬೆಂಗಳೂರಲ್ಲಿ ಮಾಡಿಸಿದರೆ ಅಷ್ಟೂ ಸಲ ರಾತ್ರಿ ಬಸ್ಸು, ಜೊತೆಗೊಬ್ಬರು, ಲಾಡ್ಜು. ಹತ್ತಿರದ ಊರಿನಲ್ಲಿ ಪಳಗಿದ ಕೈ ಸಿಕ್ಕರೆ ದೂರದ ದೊಡ್ಡ ಹೆಸರಿಗಿಂತ ಅದೇ ಮೇಲು ಅನ್ನುವುದು ನನ್ನ ಅನುಭವ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ, ಅಂದರೆ ಆ ಚಿಕಿತ್ಸೆಗೆ ಗೊತ್ತುಮಾಡಿದ ದರದ, 30 ಪರ್ಸೆಂಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡು ತೋರಿಸಿದರೆ ನಡೆಯುವುದಿಲ್ಲ, ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಸಹಕಾರಿ ಸೊಸೈಟಿ ಸದಸ್ಯರಾಗಿ ಯಶಸ್ವಿನಿ ಆರೋಗ್ಯ ಯೋಜನೆಗೆ ದುಡ್ಡು ಕಟ್ಟಿದ್ದರೆ ಅದನ್ನೂ ಕೇಳಿ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಡಾಕ್ಟರು ಬರೆದ ಆಪರೇಷನ್ ಹೆಸರು ತೋರಿಸಿ ‘ಇದು ಪ್ಯಾಕೇಜಿನಾಗ ಐತೇನ್ರಿ?’ ಅಂತ ಅವರನ್ನೇ ಕೇಳಿ. ಅಡ್ಮಿಟ್ ಆಗುವ ಮುಂಚೆಯೇ ಕೇಳಿ.

ಕೈಯಿಂದ ಕಟ್ಟುವವರು ಎರಡು ಆಸ್ಪತ್ರೆಯ ಅಂದಾಜು ಹೋಲಿಸುವಾಗ ಒಟ್ಟು ಮೊತ್ತ ಮಾತ್ರ ನೋಡಬೇಡಿ. ಸಿಟಿ, ರೆನೋಗ್ರಾಂ, ಸ್ಟೆಂಟ್‌ನ ಬೆಲೆ ಸೇರಿದೆಯಾ? ಆಮೇಲೆ ಸ್ಟೆಂಟ್ ತೆಗೆಯುವ ಖರ್ಚು ಸೇರಿದೆಯಾ? ದುರ್ಬೀನು ಓಪನ್ ಆದರೆ ಮೊತ್ತ ಬದಲಾಗುತ್ತದಾ? ಈ ಮೂರು ಕೇಳಿದ ಮೇಲೆ ನಮಗೆ ಕಡಿಮೆ ಅನ್ನಿಸಿದ್ದ ಅಂದಾಜೇ ಜಾಸ್ತಿಯಾಗಿ ಕಂಡಿತ್ತು.

ದಿನ ಆರಿಸುವುದೂ ಒಂದು ಲೆಕ್ಕ. ಜ್ವರ, ಸೋಂಕು ಇದ್ದರೆ ಮುಂದೆ ಹಾಕುವಂತಿಲ್ಲ. ಇಲ್ಲದಿದ್ದರೆ ಕೆಲವು ವಾರ ಆಚೀಚೆ ಆಗುವುದಕ್ಕೆ ಡಾಕ್ಟರು ಒಪ್ಪುತ್ತಾರೆ. ನನ್ನ ತಮ್ಮ ಸಕ್ಕರೆ ಫ್ಯಾಕ್ಟರಿ ಸೀಸನ್ ಮುಗಿಯಲಿ ಅಂದ, ಡಾಕ್ಟರು 34 ಪರ್ಸೆಂಟಿನ ಮೇಲೆ ಬೆರಳಿಟ್ಟು ‘ಇದು ಸೀಸನ್ ಮುಗಿಯೂತನಕ ಕಾಯಂಗಿಲ್ಲ’ ಅಂದರು. ಕಬ್ಬನ್ನು ನಮ್ಮ ಕಾಕಾನ ಮಕ್ಕಳು ನಿಂತು ಕಳಿಸಿದರು.

ಅವನಿಗೆ ದುರ್ಬೀನಿನಲ್ಲೇ ಆಯಿತು. ನಾಲ್ಕನೇ ದಿನ ಮನೆ. ಮೂತ್ರದ ಪೈಪು, ಪಕ್ಕೆಯ ಡ್ರೇನ್ ಅಲ್ಲಿಯೇ ತೆಗೆದಿದ್ದರು. ಈ ಸಲ ಸ್ಟೆಂಟ್ ತೆಗೆಯುವ ದಿನವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ನಾನೇ ನಿಂತು ಬರೆಸಿಕೊಂಡೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಅವನ ಹೆಂಡತಿ ಆ ತಾರೀಖಿಗೆ ಕುಂಕುಮದ ಗುರುತು ಹಾಕಿದಳು. ಐದನೇ ವಾರಕ್ಕೆ ಹೋದೆವು, ಹತ್ತು ನಿಮಿಷದ ಕೆಲಸ. ನರ್ಸ್ ಟ್ರೇಯಲ್ಲಿ ತೋರಿಸಿದ ನಳಿಗೆ ಈ ಸಲ ನುಣ್ಣಗೆ ನೀಲಿಯಾಗಿತ್ತು, ಗಾರು ಇರಲಿಲ್ಲ. ಮೂರು ತಿಂಗಳಿಗೆ ರೆನೋಗ್ರಾಂ: 38 ಪರ್ಸೆಂಟ್, ಖಾಲಿಯಾಗುವ ಸಮಯ 9 ನಿಮಿಷ. ಸ್ಕ್ಯಾನಿಂಗ್‌ನಲ್ಲಿ ಮಾತ್ರ ಇನ್ನೂ ‘ಸ್ವಲ್ಪ ಊತ’ ಅಂತ ಬರೆದಿದ್ದರು, ನನ್ನ ಎದೆ ಧಸಕ್ ಅಂದಿತು. ವರ್ಷಗಟ್ಟಲೆ ಹಿಗ್ಗಿದ ಚೀಲ ಪೂರ್ತಿ ಕುಗ್ಗುವುದಿಲ್ಲ, ಖಾಲಿಯಾಗುತ್ತಿದ್ದರೆ ಸಾಕು ಅಂದರು.

ಅದೇ ಓಪಿಡಿ ಬೆಂಚಿನ ಮೇಲೆ ಇಂಡಿ ಕಡೆಯ ಲಿಂಬೆ ತೋಟದವರೊಬ್ಬರು ಸಿಕ್ಕರು. ಅವರದೂ ಇದೇ ತೊಂದರೆ, ಆದರೆ ಎರಡನೇ ಟೈಪ್. ಪಿತ್ತಕೋಶದ ಸ್ಕ್ಯಾನಿಂಗ್ ಮಾಡಿಸಲು ಹೋದಾಗ ಸಿಕ್ಕಿತ್ತು. ಇನ್ನೊಂದು ಊರಲ್ಲಿ ಅವರಿಗೆ ಆಪರೇಷನ್ ತಾರೀಖೂ ಕೊಟ್ಟಿದ್ದರಂತೆ. ಇಲ್ಲಿ ರೆನೋಗ್ರಾಂ ಮಾಡಿದರೆ 47 ಪರ್ಸೆಂಟ್, 8 ನಿಮಿಷ. ಡಾಕ್ಟರು ಏನೂ ಬೇಡ, ಆರು ತಿಂಗಳಿಗೆ ಸ್ಕ್ಯಾನಿಂಗ್ ಅಂದು ಕಳಿಸಿದರು. ಹೊರಗೆ ಚಹಾ ಕುಡಿಯುವಾಗ ಅವರು ನನ್ನ ತಮ್ಮನ ಪಕ್ಕೆಯ ಕಡೆ ನೋಡಿ, ‘ಮಾಸ್ತರ್ರ, ಇಬ್ಬರದೂ ಒಂದ ಹೆಸರಿನ ಬ್ಯಾನಿ, ನಿಮ್ಮ ತಮ್ಮಗ ಕೊಯ್ದ್ರು, ನನಗ ಬ್ಯಾಡಂದ್ರು, ನನಗೇನರ ಮುಚ್ಚಿಟ್ಟಾರೇನ್ರಿ?’ ಅಂತ ಕೇಳಿದರು. ನಾನು ಎರಡೂ ರೆನೋಗ್ರಾಂ ಹಾಳೆ ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟೆ. ಅವರು ಚಹಾ ಕಪ್ಪು ಕೆಳಗಿಟ್ಟು, ಬೆರಳಿಂದ ಮೊದಲು ನನ್ನ ತಮ್ಮನ 28ರ ಕೆಳಗೆ, ಆಮೇಲೆ ತಮ್ಮದೇ ಹಾಳೆಯ 8ರ ಕೆಳಗೆ ಗೆರೆ ಎಳೆದರು. ‘ಹಂಗಾದ್ರ ಸಂಕ್ರಮಣಕ್ಕ ಬರ್ತೀನಿ’ ಅಂದು ಬಸ್ಸಿಗೆ ಹೊರಟರು.